ಬ್ರೇಕಕ್ಕನ ಬಲಗಾಲು

ಬೀದಿದೀಪಗಳು ಇನ್ನೂ ಆರಿಲ್ಲ. ಗ್ಯಾರೇಜಿನ ಹಿಂದಿನ ಉದ್ದನೆಯ ರಸ್ತೆಯಲ್ಲಿ ನಾಯಿಗಳೂ ಎದ್ದಿಲ್ಲ. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂತೆ ಕೂತಿರುವ ಹಳದಿ ಸ್ಪೋರ್ಟ್ಸ್ ಕಾರಿನ ಮುಂದೆ ಬ್ರೇಕಕ್ಕ ಮಂಡಿಯೂರಿ, ಚಕ್ರದ ಸಂದಿಯಿಂದ ಬೆರಳು ತೂರಿಸಿ, ಒಳಗಿನ ಬ್ರೇಕ್ ಡಿಸ್ಕನ್ನು ಸವರಿ ನೋಡುತ್ತಾರೆ. ತಣ್ಣಗಿದೆ. "ಹ್ಞೂಂ, ಚೆನ್ನಾಗಿ ನಿದ್ದೆ ಮಾಡಿದೆ" ಎಂದು ಎದ್ದು, ಪ್ಯಾಂಟಿಗೆ ಕೈ ಒರೆಸಿಕೊಂಡು ಕಾರಿನೊಳಗೆ ಇಳಿಯುತ್ತಾರೆ. ಇಳಿಯುತ್ತಾರೆ ಎನ್ನುವುದೇ ಸರಿ. ಇಷ್ಟು ಕುಳ್ಳಗಿನ ಕಾರಿಗೆ ಹತ್ತುವುದು ಎಂಬುದಿಲ್ಲ.

ಡಿಸ್ಕನ್ನು ಕಚ್ಚಿ ಹಿಡಿಯುವ ಹೊಸ ಬ್ರೇಕ್ ಪ್ಯಾಡ್ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಅದನ್ನು ಪಳಗಿಸಬೇಕು. ವೇಗ ಹಿಡಿದು ಬ್ರೇಕ್ ಒತ್ತಬೇಕು, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹಿಡಿಯಬೇಕು, ಮತ್ತೆ ಒತ್ತಬೇಕು. ಸುಟ್ಟ ವಾಸನೆ ಮೂಗಿಗೆ ಬಡಿಯುವವರೆಗೂ ಹೀಗೇ. ಆಮೇಲೆ ಬ್ರೇಕಿನ ಗೊಡವೆಗೇ ಹೋಗದೆ ಸುಮ್ಮನೆ ಓಡಿಸಿ ತಣಿಸಬೇಕು. ಕಾದಿರುವಾಗ ಬ್ರೇಕ್ ಒತ್ತಿ ಹಿಡಿದು ನಿಂತರೆ ಕೆಟ್ಟಿತು. ಪ್ಯಾಡಿನ ಪದಾರ್ಥ ಡಿಸ್ಕಿನ ಒಂದೇ ಜಾಗಕ್ಕೆ ಅಂಟಿಕೊಂಡು, ಮುಂದೆ ಬ್ರೇಕ್ ಒತ್ತಿದಾಗಲೆಲ್ಲ ಸ್ಟೀರಿಂಗ್ ಗಡಗಡ ನಡುಗುತ್ತದೆ. "ಹೊಸ ಚಪ್ಪಲಿ ಕಾಲಿಗೆ ಹೊಂದೋ ಹಾಗೆ ಇದು. ಮೊದಲನೇ ದಿನ ಹೆಂಗೆ ನಡೆಸ್ತೀವೋ ಕೊನೇ ತನಕ ಹಂಗೇ" ಎನ್ನುತ್ತಾರೆ ಬ್ರೇಕಕ್ಕ. ಪ್ಯಾಡ್ ಹಾಕಿದವರೇ ಅದನ್ನು ಪಳಗಿಸಬೇಕು, ಪಕ್ಕದಲ್ಲಿ ಯಾರೂ ಕೂರಬಾರದು ಎನ್ನುವುದು ಈ ಗ್ಯಾರೇಜಿನಲ್ಲಿ ಅಪ್ಪನ ಕಾಲದಿಂದ ಬಂದ ನಿಯಮ.

ಆ ಅಪ್ಪನ ಇನ್ನೊಂದು ಮಾತೂ ಈ ಮನೆಯಲ್ಲಿ ಹಾಗೇ ಉಳಿದುಕೊಂಡಿದೆ. ಇಬ್ಬರು ಹೆಣ್ಣುಮಕ್ಕಳು ಲಂಗ ಬಿಟ್ಟು ಪ್ಯಾಂಟು ಹಾಕಿಕೊಂಡು ಗ್ಯಾರೇಜಿಗೆ ಬಂದ ದಿನ ಅವರು ಒಂದು ಸಲ ಇವಳನ್ನು, ಒಂದು ಸಲ ಅವಳನ್ನು ನೋಡಿ ತೀರ್ಪು ಕೊಟ್ಟರು: "ದೊಡ್ಡವಳು ನಿಧಾನ, ಬ್ರೇಕಿಗೆ ಸರಿ. ಚಿಕ್ಕವಳು ಚುರುಕು, ಇಂಜಿನ್ ಕಲೀಲಿ." ಬ್ರೇಕಕ್ಕನಿಗೆ ಈಗ ತಲೆ ಅರ್ಧ ಬೆಳ್ಳಗಾಗಿದೆ. ಆ ಮಾತಿನ ಮುಳ್ಳು ಮಾತ್ರ ಇವತ್ತಿಗೂ ಕಿತ್ತು ಬಂದಿಲ್ಲ.

ದಿನಕ್ಕೆ ಆರೇಳು ಗಾಡಿ ಅವರ ಕೈಮೇಲೆ ಹೋಗುತ್ತವೆ. ಬೆರಳ ಗಂಟುಗಳಲ್ಲಿ ಹಳೆಯ ಗಾಯದ ಗೆರೆಗಳು, ಉಗುರಿನ ಸಂದಿಯಲ್ಲಿ ಯಾವ ಸೋಪಿಗೂ ಜಗ್ಗದ ಕಪ್ಪು. ಬ್ರೇಕಿನ ಪುಡಿ ಕುಡಿದು ಕುಡಿದು ಸಂಜೆಯ ಹೊತ್ತಿಗೆ ಕೆಮ್ಮು ಶುರುವಾಗುತ್ತದೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೂ ಅಷ್ಟೆ, ಬಿಟ್ಟರೂ ಅಷ್ಟೆ. ಕೆಲಸ ಕಷ್ಟ ಎಂದು ಅವರು ಒಂದು ದಿನವೂ ದೂರಿದವರಲ್ಲ. ದೂರು ಬೇರೆಯೇ ಇದೆ.

"ಇಂಜಿನ್ ಚೆನ್ನಾಗಿ ಆದ್ರೆ ಜನ ಹುಡುಕ್ಕೊಂಡು ಬಂದು ಹೇಳ್ತಾರೆ. ಬ್ರೇಕ್ ಚೆನ್ನಾಗಿ ಆದ್ರೆ ಏನೂ ಆಗಲ್ಲ. ಏನೂ ಆಗಲಿಲ್ಲ ಅಂತ ಯಾರು ಬಂದು ಹೇಳ್ತಾರೆ, ಹೇಳಿ?"

ತಂಗಿ ಇಂಜಿನ್ ಸಿದ್ಧಪಡಿಸಿದ ಕಾರುಗಳು ರೇಸ್ ಗೆಲ್ಲುತ್ತವೆ. ಗ್ಯಾರೇಜಿನ ಗೋಡೆ ತುಂಬ ಅವಳ ಫೋಟೋಗಳು. ಕಪ್ ಹಿಡಿದ ತಂಗಿ, ರೇಸ್ ಕಾರಿಗೆ ಒರಗಿದ ತಂಗಿ, ಮೈಕಿನ ಮುಂದೆ ನಗುವ ತಂಗಿ. ಒಂದರಲ್ಲಿ ಬ್ರೇಕಕ್ಕನ ಮೊಣಕೈ ಇದೆ. ಗಿರಾಕಿಗಳಿಗೆ ತಂಗಿ "ಮೇಡಂ, ನೀವು", ಅವಳಿಗಿಂತ ಆರು ವರ್ಷ ದೊಡ್ಡವರಾದ ಇವರು "ಅಕ್ಕಾ, ಸ್ವಲ್ಪ ನೋಡು." ಆದ್ದರಿಂದ ಈ ಪುಟದಲ್ಲಾದರೂ ಬಹುವಚನ ಅಕ್ಕನಿಗಿರಲಿ, ತಂಗಿಗೆ ಏಕವಚನ ಸಾಕು. ಇವರ ಬಗ್ಗೆಯೇ ಬರೆಯುತ್ತೇವೆಂದು ನಮ್ಮ ಪತ್ರಿಕೆಯಿಂದ ಹೋದವರಲ್ಲಿ ಫೋಟೋಗ್ರಾಫರ್ ಮೊದಲ ದಿನ ನೆಟ್ಟಗೆ ನಡೆದದ್ದು ತಂಗಿಯ ಕಡೆಗೆ. ಎಲೆಮರೆಯ ಕಾಯಿಯನ್ನು ಹುಡುಕಿಕೊಂಡು ಬಂದವರ ಕಣ್ಣಿಗೂ ಮೊದಲು ಬಿದ್ದದ್ದು ಹಣ್ಣೇ.

ಹೊಟ್ಟೆಕಿಚ್ಚಾಗುವುದಿಲ್ಲವೇ ಎಂದು ಕೇಳಿದರೆ ಬ್ರೇಕಕ್ಕ ಕಣ್ಣು ತಪ್ಪಿಸುವುದಿಲ್ಲ. "ಆಗುತ್ತೆ. ಯಾಕೆ ಸುಳ್ಳು ಹೇಳಲಿ? ಊರವರ ಮೇಲೆ ಪಟ್ಟರೆ ಪಾಪ. ಸ್ವಂತ ತಂಗಿ ಮೇಲೆ ಪಡೋಕೆ ಯಾರ ಪರ್ಮಿಷನ್ ಬೇಕು?"

ಹಳದಿ ಕಾರು ಹಲ್ಲಿನ ಡಾಕ್ಟರದ್ದು. ಇಡೀ ಜೀವಮಾನ ಇನ್ನೊಬ್ಬರ ಬಾಯಿ ನೋಡಿಕೊಂಡೇ ಕಳೆದು, ಕೂದಲು ಉದುರಿದ ಮೇಲೆ ತಮ್ಮ ಆಸೆ ತೀರಿಸಿಕೊಂಡವರು. ದಿನಾ ಆಸ್ಪತ್ರೆಗೂ ಅದರಲ್ಲೇ, ತಿಂಗಳಿಗೊಮ್ಮೆ ರೇಸ್ ಟ್ರ್ಯಾಕಿಗೂ ಅದರಲ್ಲೇ. ರೇಸ್ ಕ್ಲಬ್ಬಿನಲ್ಲಿ ಅವರ ಮಾತಿಗೆ ತೂಕವಿದೆ. ತಂಗಿಯನ್ನು ಅಲ್ಲಿನ ಟೀಮಿಗೆ ಮುಖ್ಯ ಮೆಕ್ಯಾನಿಕ್ ಮಾಡುವ ಮಾತು ನಡೆದಿದ್ದು, ಬರುವ ಭಾನುವಾರ ತೀರ್ಮಾನವಾಗಬೇಕಿದೆ.

ಮೊನ್ನೆ ಅವರ ಕಾರಿಗೆ ಪ್ಯಾಡ್ ಆರಿಸುವಾಗ ಬ್ರೇಕಕ್ಕ ಮೇಜಿನ ಮೇಲೆ ನಾಲ್ಕು ಬಗೆ ಇಟ್ಟುಕೊಂಡು ಕೂತಿದ್ದರು. ಮೊದಲನೆಯದು ಕಾರಿನ ಕಂಪನಿಯದೇ. ಎರಡನೆಯದು ಸೆರಾಮಿಕ್, ಸದ್ದಿಲ್ಲ, ಧೂಳಿಲ್ಲ, ಆದರೆ ಟ್ರ್ಯಾಕಿನ ಕಾವಿಗೆ ಕೈಕೊಡುತ್ತದೆ. ಇನ್ನೊಂದು ಅಪ್ಪಟ ರೇಸಿನದು, ಕಾದರೆ ಹುಲಿ, ತಣ್ಣಗಿದ್ದರೆ ಇಲಿ. ಕೊನೆಯದು ರಸ್ತೆಗೂ ಟ್ರ್ಯಾಕಿಗೂ ಸಲ್ಲುವ ನಡುವಿನದು. ಬ್ರೇಕಕ್ಕ ಯಾವುದು ಬೇಕು ಎಂದು ಯಾರನ್ನೂ ಕೇಳುವುದಿಲ್ಲ. ಅವರ ಪ್ರಶ್ನೆಗಳೇ ಬೇರೆ.

"ಮನೆ ಬಿಟ್ಟ ಮೇಲೆ ಮೊದಲನೇ ಸಲ ಬ್ರೇಕ್ ಹಿಡಿಯೋದು ಎಲ್ಲಿ ಡಾಕ್ಟ್ರೇ?"

"ನಮ್ಮ ಬೀದಿ ಕೊನೇಲೇ. ಇಳಿಜಾರು, ಕೆಳಗೆ ಸ್ಕೂಲಿದೆ."

"ಪಕ್ಕದಲ್ಲಿ ಯಾರು ಕೂರ್ತಾರೆ?"

"ಹೆಂಡತಿ. ಬ್ರೇಕು ಕೀಚ್ ಅಂದ್ರೆ ಅಲ್ಲೇ ಇಳಿದುಬಿಡ್ತಾಳೆ."

ತಣ್ಣಗಿರುವಾಗ ಹಿಡಿಯದ ರೇಸ್ ಪ್ಯಾಡನ್ನು ಸ್ಕೂಲಿನ ಇಳಿಜಾರಿಗೆ ಹಾಕುವಂತಿಲ್ಲ. ಬ್ರೇಕಕ್ಕ ಅದನ್ನು ಪಕ್ಕಕ್ಕೆ ಸರಿಸಿ, ನಡುವಿನದನ್ನು ಕೈಗೆತ್ತಿಕೊಂಡು, ಅದರ ಬೆನ್ನಿನ ಲೋಹದ ತಗಡನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದರು. ಹೇಳಲು ಬಾಯಿ ತೆರೆಯಬೇಕು, ಅಷ್ಟರಲ್ಲಿ ಡಾಕ್ಟರು ಅವರ ತಲೆಯ ಮೇಲಿಂದ ಆಚೆ ನೋಡಿದರು. "ಮೇಡಂ, ನೀವೇನಂತೀರಿ?"

ಇಂಜಿನ್ನಿನೊಳಗೆ ತಲೆಯಿಟ್ಟಿದ್ದ ತಂಗಿ ಒಮ್ಮೆ ಇತ್ತ ತಿರುಗಿ, "ನಡುವಿನದು ಹಾಕ್ಸಿ ಡಾಕ್ಟ್ರೇ" ಎಂದು ಮತ್ತೆ ತಲೆಯಿಟ್ಟಳು.

ಬ್ರೇಕಕ್ಕನಿಗೆ ಅದು ಬಾಯಲ್ಲಿಟ್ಟುಕೊಂಡ ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಬೇರೆಯದು ಎಂದರೆ ಸುಳ್ಳು, ಅದೇ ಎಂದರೆ ತಂಗಿಯ ಮಾತಿಗೆ ತಲೆಯಾಡಿಸಿದಂತೆ. "ಬ್ರೇಕೊಂದಾದ್ರೂ ನಂದು ಅಂದ್ಕೊಂಡಿದ್ದೆ. ಅದಕ್ಕೂ ಬಂದಳು" ಎಂದು ಗೊಣಗಿಕೊಂಡೇ ನಾಲ್ಕೂ ಚಕ್ರಕ್ಕೆ ಪ್ಯಾಡ್ ಹಾಕಿ ಮುಗಿಸಿದರು.

ಅದನ್ನು ಪಳಗಿಸಲೆಂದೇ ಈ ಬೆಳಗಿನ ಸವಾರಿ. ಎಲ್ಲ ಸರಿಯಾಗಿಯೇ ನಡೆಯುತ್ತದೆ. ಹಳದಿ ಕಾರು ಹೋಗುತ್ತದೆ, ಮೂತಿ ಬಗ್ಗಿಸುತ್ತದೆ, ಮತ್ತೆ ಚಿಮ್ಮುತ್ತದೆ. ವಾಸನೆ ಏರುತ್ತದೆ. ಇನ್ನು ತಣಿಸುವ ಸುತ್ತು. ಅದಕ್ಕಾಗಿ ಗ್ಯಾರೇಜಿನ ಗೇಟಿನ ಮುಂದೆ ಹಾದುಹೋಗಬೇಕು, ಅಷ್ಟೆ.

ಗೇಟಿನಲ್ಲಿ ಡಾಕ್ಟರು ಬಂದು ನಿಂತಿದ್ದಾರೆ. ಅವರ ಪಕ್ಕ ತಂಗಿ. ಫೋಟೋಗ್ರಾಫರ್ ಅವಳನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿ, ಗಲ್ಲ ಸ್ವಲ್ಪ ಎತ್ತಿ ಎನ್ನುತ್ತಿದ್ದಾನೆ. ತನ್ನ ಬಗ್ಗೆ ಬರೆಯಲು ಬಂದವರ ಕ್ಯಾಮೆರಾ! ಬ್ರೇಕಕ್ಕನ ಎದೆಯಲ್ಲಿ ಬೆಂಕಿ ಬಿದ್ದಂತಾಗುತ್ತದೆ. ಬಲಗಾಲು ತಾನಾಗಿಯೇ ಬ್ರೇಕಿನ ಮೇಲೆ ಕೂರುತ್ತದೆ. ಕಾರು ನಿಲ್ಲುತ್ತದೆ. ಕಾದ ಬ್ರೇಕನ್ನು ಹಾಗೇ ಒತ್ತಿ ಹಿಡಿದು, ಆ ಫೋಟೋ ಮುಗಿಯುವವರೆಗೂ ಅವರು ಕಣ್ಣು ಕೀಳದೆ ನೋಡುತ್ತಾರೆ.

ಬೆಳಗ್ಗೆ ತೆಗೆದುಕೊಂಡು ಹೋದ ಕಾರನ್ನು ಮಧ್ಯಾಹ್ನ ಡಾಕ್ಟರು ವಾಪಸು ತರುತ್ತಾರೆ. ಬೆಳಗಿನ ನಗು ಇಲ್ಲ. ನೇರ ತಂಗಿಯ ಮುಂದೆ ಹೋಗಿ ನಿಲ್ಲುತ್ತಾರೆ.

"ನಿಮ್ಮ ಮಾತು ಕೇಳಿ ಕೆಟ್ಟೆ ಮೇಡಂ. ಬ್ರೇಕ್ ಒತ್ತಿದ್ರೆ ಸ್ಟೀರಿಂಗು ನಡುಗುತ್ತೆ, ನನ್ನ ಹಲ್ಲೇ ಅಲ್ಲಾಡುತ್ತೆ. ಒಂದು ಪ್ಯಾಡ್ ಆರಿಸೋಕೆ ಬರದವರನ್ನ ಟೀಮಿಗೆ ಹೆಂಗೆ ಹಾಕೋದು ಅಂತ ಭಾನುವಾರ ಯಾರಾದ್ರೂ ಕೇಳಿದ್ರೆ ನಾನೇನು ಹೇಳಲಿ?"

ತಂಗಿಯ ಮುಖ ಸಣ್ಣದಾಗುತ್ತದೆ. ಕೈಯಲ್ಲಿದ್ದ ಸ್ಪ್ಯಾನರನ್ನು ಒರೆಸಿದ್ದನ್ನೇ ಒರೆಸುತ್ತಾಳೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ. ಎತ್ತು ಮೂಲೆಯಲ್ಲಿ ಕೂತು ಟೀ ಕುಡಿಯುತ್ತಿದೆ. ಆ ಟೀಯಷ್ಟು ರುಚಿಯಾದ ಟೀ ಜನ್ಮದಲ್ಲಿ ಕುಡಿದಿರಲಿಲ್ಲ ಎಂದು ಬ್ರೇಕಕ್ಕ ಆಮೇಲೆ ತಾವಾಗಿಯೇ ಒಪ್ಪುತ್ತಾರೆ.

ಲೋಟ ಇಟ್ಟು ಎದ್ದು ಅವರು ಕಾರಿನ ಮುಂಚಕ್ರ ಬಿಚ್ಚುತ್ತಾರೆ. ಹೊಳೆಯುವ ಡಿಸ್ಕಿನ ಮೇಲೆ ಒಂದೇ ಒಂದು ಕಂದು ಕಲೆ, ಅಚ್ಚು ಒತ್ತಿದಂತೆ ಪ್ಯಾಡಿನದೇ ಆಕಾರ. ನೋಡಿದ್ದು ಅವರೊಬ್ಬರೇ. ಆ ಕಲೆ ತಿಕ್ಕಿ ತೆಗೆದು, ಕಂಪನಿಯ ಪ್ಯಾಡ್ ಹಾಕಿ ಕಳಿಸಿದರೆ ಕತೆ ಮುಗಿಯಿತು. ಟೀಮಿನ ಕೆಲಸ ಯಾರಿಗೋ ಹೋಗುತ್ತದೆ, ಗೋಡೆಗೆ ಹೊಸ ಫೋಟೋ ಬರುವುದಿಲ್ಲ.

ಹಿಂದಿನಿಂದ ತಂಗಿಯ ದನಿ ಕೇಳುತ್ತದೆ. "ನಂದೇ ತಪ್ಪು ಇರಬೇಕು ಡಾಕ್ಟ್ರೇ. ಆ ಪ್ಯಾಡ್ ನಿಮ್ಮ ಗಾಡಿಗೆ ಸರಿಹೋಗಲ್ಲ ಅನ್ಸುತ್ತೆ."

"ಸುಮ್ನಿರೇ" ಎಂದು ಬ್ರೇಕಕ್ಕ ಕೂತಲ್ಲಿಂದಲೇ ಗದರುತ್ತಾರೆ. "ಪ್ಯಾಡ್ ಸರಿಯಾಗೇ ಇದೆ. ಕಾಲು ಸರಿ ಇರಲಿಲ್ಲ. ನಂದು. ಕಾದಿರೋ ಬ್ರೇಕು ಒತ್ತಿಕೊಂಡು ಗೇಟಲ್ಲಿ ನಿಂತಿದ್ದೆ."

ತಂಗಿ ಹತ್ತಿರ ಬಂದು ಬಗ್ಗಿ ಕಲೆ ನೋಡುತ್ತಾಳೆ. "ನೀನಾ? ಯಾಕೆ ನಿಂತೆ?"

"ನಿನ್ನ ಗಲ್ಲ ನೋಡ್ತಾ ಇದ್ದೆ."

ತಂಗಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಡಾಕ್ಟರ ಕಡೆ ತಿರುಗುತ್ತಾಳೆ. "ಪ್ಯಾಡ್ ಆರಿಸಿದ್ದೂ ಇವಳೇ ಡಾಕ್ಟ್ರೇ. ಬ್ರೇಕಿನ ವಿಷಯ ನನಗೇನು ಗೊತ್ತು? ಇವಳ ಕೈಯಲ್ಲಿ ಯಾವುದಿದೆ ಅಂತ ನೋಡಿ ಅದನ್ನೇ ಹೇಳ್ದೆ."

ಇದನ್ನು ಕೇಳಿ ಬ್ರೇಕಕ್ಕನಿಗೆ ಸಮಾಧಾನವಾಗಬೇಕಿತ್ತು, ಆಗಿದ್ದು ಸಿಟ್ಟು. "ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಡೋಕೂ ಬಿಡಲ್ಲ ನೋಡಿ ಇವಳು" ಎಂದು ಉಪ್ಪುಕಾಗದ ತೆಗೆದುಕೊಂಡು ಡಿಸ್ಕನ್ನು ತಿಕ್ಕಲು ಕೂರುತ್ತಾರೆ.

ತಿಕ್ಕುವಾಗ ಪಕ್ಕದಲ್ಲಿ ಕೂತು, ಯಾಕೆ ಹೇಳಿಬಿಟ್ಟಿರಿ ಎಂದು ಕೇಳಿದರೆ ಕಾಗದ ಮಡಚಿ ಇನ್ನೊಂದು ಬದಿಯಿಂದ ತಿಕ್ಕುತ್ತಾರೆ. ತಂಗಿಯ ಮೇಲಿನ ಪ್ರೀತಿ, ಧರ್ಮ, ನ್ಯಾಯ ಎಂದೆಲ್ಲ ಹೇಳುತ್ತಾರೆಂದು ಕಾದರೆ ಅದಿಲ್ಲ. "ಅವಳಿಗೆ ಕೆಟ್ಟ ಹೆಸರು ಬಂದ್ರೆ ಬರಲಿ ಅಂತಲೇ ಇದ್ದೆ. ಆದ್ರೆ ಪ್ಯಾಡಿಗೆ ಯಾಕೆ ಬರಬೇಕು? ನಾನು ಆರಿಸಿದ್ದು ಅದು. ಅದನ್ನ ಸರಿಯಿಲ್ಲ ಅಂದುಬಿಟ್ಟಳಲ್ಲ."

ಮರುದಿನ ಬೆಳಗ್ಗೆ ಅದೇ ರಸ್ತೆ, ಅದೇ ಕಾರು, ಅದೇ ಪ್ಯಾಡು. ಫೋಟೋಗ್ರಾಫರಿಗೆ ಹಿಂದಿನ ದಿನದ್ದು ಮನಸ್ಸಿಗೆ ಚುಚ್ಚಿರಬೇಕು, ಕತ್ತಲಿರುವಾಗಲೇ ಬಂದು ಗೇಟಿನಲ್ಲಿ ಜಾಗ ಹಿಡಿದಿದ್ದಾನೆ. ಡಾಕ್ಟರೂ ಇದ್ದಾರೆ. ಭಾನುವಾರ ಕ್ಲಬ್ಬಿನಲ್ಲಿ ತಂಗಿಯ ಪರವಾಗಿಯೇ ಮಾತಾಡುತ್ತೇನೆಂದು ಅವರು ಹೇಳಿಯಾಗಿದೆ. ಬ್ರೇಕಕ್ಕ ಪಳಗಿಸುವ ಸುತ್ತುಗಳನ್ನು ಮುಗಿಸಿ, ಸುಟ್ಟ ವಾಸನೆಯ ಜೊತೆಗೇ ಗೇಟಿನ ಕಡೆ ಬರುತ್ತಾರೆ. ಎಳೆಬಿಸಿಲು ಹಳದಿ ಬಣ್ಣದ ಮೇಲೆ ಬೀಳುತ್ತಿದೆ. ಇಂಥ ಬೆಳಕು ಮತ್ತೆ ಸಿಗುವುದಿಲ್ಲ ಎಂದು ಫೋಟೋಗ್ರಾಫರ್ ಎರಡೂ ಕೈ ಎತ್ತಿ, ನಿಲ್ಲಿಸಿ, ಒಂದೇ ನಿಮಿಷ, ನಿಮ್ಮದೇ ಫೋಟೋ ಎಂದು ಕೂಗುತ್ತಾನೆ. ತಂಗಿಯೂ ಕೈ ಬೀಸುತ್ತಾಳೆ.

ಕಾರು ನಿಲ್ಲುವುದಿಲ್ಲ. ಬ್ರೇಕಕ್ಕ ಕತ್ತು ಕೂಡ ತಿರುಗಿಸದೆ ಅವರೆಲ್ಲರನ್ನೂ ದಾಟಿ ಹೋಗುತ್ತಾರೆ. ಬ್ರೇಕ್ ತಣಿಸಿಕೊಂಡು ಬರುವಷ್ಟರಲ್ಲಿ ಬಿಸಿಲು ಏರಿ ಬೆಳಕು ಕೆಟ್ಟಿದೆ. ಕ್ಯಾಮೆರಾದಲ್ಲಿ ಉಳಿದಿರುವುದು ಒಂದು ಹಳದಿ ಗೀರು. ಅದನ್ನೇ ಈ ಪುಟದಲ್ಲಿ ಹಾಕಿದ್ದೇವೆ.

ಡಾಕ್ಟರು ಕಾರು ತೆಗೆದುಕೊಂಡು ರಸ್ತೆಯ ಕೊನೆಯವರೆಗೆ ಹೋಗಿ ಬ್ರೇಕ್ ಒತ್ತುತ್ತಾರೆ. ಸದ್ದಿಲ್ಲ, ನಡುಕವಿಲ್ಲ, ಒತ್ತಿದಲ್ಲೇ ಕಾರು ನಿಲ್ಲುತ್ತದೆ. ಬ್ರೇಕಕ್ಕ ಗೇಟಿನಲ್ಲಿ ನಿಂತು ಅದನ್ನು ನೋಡಿ ಒಳಗೆ ಹೋಗಲು ತಿರುಗುತ್ತಾರೆ. ತಂಗಿಗೆ ಕೆಲಸವೂ ಸಿಗುತ್ತದೆ, ಗೋಡೆಯಲ್ಲಿ ಇನ್ನಷ್ಟು ಫೋಟೋಗಳೂ ಬರುತ್ತವೆ, ಈಗಲಾದರೂ ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಿದರೆ, ಹುಚ್ಚು ಪ್ರಶ್ನೆ ಕೇಳಿಸಿಕೊಂಡವರಂತೆ ನೋಡುತ್ತಾರೆ.

"ಅದೆಲ್ಲಿ ಹೋಗುತ್ತೆ? ಅದರ ಪಾಡಿಗೆ ಇರಲಿ. ಕಾಲಿಗೆ ಇಳೀದೆ ಇದ್ದರೆ ಸಾಕು."