ಆರಿಸಿ ತಂದ ಹತ್ತು ಕುರಿ

ಕುರಿ ಕೊಬ್ಬಿದಷ್ಟೂ ಕುರುಬನಿಗೆ ಲಾಭ ಅಂತಾರೆ. ಮಸ್ಕಿಯ ಮುದುಕಪ್ಪನ ಮುಂದೆ ಮಾತ್ರ ಈ ಗಾದೆಯನ್ನು ಯಾರೂ ಎತ್ತುತ್ತಿರಲಿಲ್ಲ.

ನಿಜಾಮರ ಆಳ್ವಿಕೆ, ದೊಡ್ಡ ಯುದ್ಧದ ಕಾಲ. ದಂಡಿನವರ ಕಂಬಳಿಗೆ ಉಣ್ಣೆ ಬೇಕೆಂದು ಹುಕುಂ ಬಂತು. ಒಂದು ಕುರಿ ಸರಾಸರಿ ಅರ್ಧ ಸೇರು ಉಣ್ಣೆ ಕೊಡುತ್ತದೆ, ಅದರಲ್ಲಿ ಅರ್ಧ ಸರ್ಕಾರಕ್ಕೆ. ಯಾವ ಪುಣ್ಯಾತ್ಮ ಕುರ್ಚಿಯಲ್ಲಿ ಕೂತು ಈ ಲೆಕ್ಕ ಹಾಕಿದನೋ! ನಮ್ಮ ಕುರಿ ಕೊಡುವುದೇ ಕಾಲು ಸೇರು. ಅಂದರೆ ಇದ್ದದ್ದೆಲ್ಲ ಸರ್ಕಾರಕ್ಕೇ ಹೋಗಬೇಕು. ಮುದುಕಪ್ಪನ ಮಗಳು ಗಿರಿಯಮ್ಮನ ಮದುವೆ ಗೊತ್ತಾಗಿತ್ತು. ಮದುಮಕ್ಕಳು ಕೂಡಲು ಹೊಸ ಕರಿ ಕಂಬಳಿ ನೇಯಿಸಬೇಕಿತ್ತು.

ವಸೂಲಿಗೆ ಬಂದ ಗುಮಾಸ್ತ ಇಮಾಮ್‌ಸಾಬ್ ಒಳ್ಳೆಯ ಮನುಷ್ಯ. ಹಟ್ಟಿಯವರ ಗೋಳು ಕೇಳಿ ಹೇಳಿದ: "ನಾಳೆ ಹತ್ತು ಕುರಿ ತರ್ರಿ. ಕತ್ತರಿಸಿ ತೂಗೂಣು. ಕಡಿಮಿ ಬಂದ್ರ ಮ್ಯಾಲಿನವರಿಗೆ ಬರೀತೀನಿ."

ಕುರಿ ತರುವ ಕೆಲಸ ಹಿರಿಯನಾದ ಮುದುಕಪ್ಪನಿಗೇ ಬಿತ್ತು. ಹೆಂಡತಿ ಯಮನೂರಮ್ಮ, "ಕೈಗೆ ಸಿಕ್ಕವನ್ನ ಹೊಡಕೊಂಡು ಹೋಗು" ಅಂದಳು.

"ಸಾಹೇಬರ ಮುಂದ ಸಣಕಲು ಕುರಿ ನಿಲ್ಲಸ್ಲೇನು? ಹಟ್ಟಿ ಮರ್ಯಾದಿ ಏನಾಗಬೇಕು?"

ಆರಿಸಿ ಆರಿಸಿ ತಂದ. ಎಲ್ಲವೂ ಮೈತುಂಬ ತುಪ್ಪಟದ ಟಗರುಗಳು. ದೊಡ್ಡವರು ಬಂದಾಗ ಒಳ್ಳೆಯದನ್ನೇ ಮುಂದಿಡಬೇಕು ಎಂದು ಅವನಿಗೆ ಅವನಪ್ಪ ಕಲಿಸಿದ್ದ.

ಕತ್ತರಿಸಿದರು, ತೂಗಿದರು. ಸರಾಸರಿ ಅರ್ಧ ಸೇರಿಗೆ ಚೂರೂ ಕಡಿಮೆ ಇಲ್ಲ.

ಮುದುಕಪ್ಪ ತಕ್ಕಡಿಯ ಹತ್ತಿರ ಓಡಿ ಬಂದ. "ಸಾಹೇಬ್ರ, ಇವು ಆರಿಸಿದ್ವು ರೀ. ಬ್ಯಾರೆ ತರ್ತೀನ್ರಿ."

"ಈಗ ತಂದ್ರ ಬಡಕಲು ಆರಿಸ್ತಿ, ಮುದುಕಪ್ಪ. ನಾ ಯಾವುದನ್ನ ನಂಬ್ಲಿ?" ಇಮಾಮ್‌ಸಾಬನಿಗೂ ಕೆಡುಕೆನಿಸಿತ್ತು. ಆದರೂ ಬಂದ ತೂಕವನ್ನೇ ಬರೆದುಕೊಂಡು ಹೋದ.

ಮುದುಕಪ್ಪನ ಮನೆಯಷ್ಟೇ ಅಲ್ಲ, ಇಡೀ ಹಟ್ಟಿಯ ಉಣ್ಣೆ ಗಾಡಿ ಏರಿತು. ತನ್ನ ಕಾಲಿನ ಮೇಲೆ ತಾನೇ ಕಲ್ಲು ಹಾಕಿಕೊಂಡವನಿಗೆ ಬೈಯಲು ಕೂಡ ಯಾರಿಗೂ ಮನಸ್ಸಾಗಲಿಲ್ಲ. ಅವನ ಜಾಗದಲ್ಲಿದ್ದರೆ ಅವರೂ ಟಗರುಗಳನ್ನೇ ಒಯ್ಯುತ್ತಿದ್ದರು.

ಮದುವೆಯ ದಿನ ಮುದುಕಪ್ಪ ತಾನು ಹೊದೆಯುವ ಹಳೇ ಕಂಬಳಿಯನ್ನೇ ಒಗೆದು ಹಾಸಿದ. ಅಂಚಿನಲ್ಲಿ ತೇಪೆ ಇತ್ತು. ಆಮೇಲೆ ಅದನ್ನು ಮಡಿಚಿ ಮಗಳ ಗಂಟಿನಲ್ಲಿಟ್ಟ.

"ಯಪ್ಪಾ, ಮಳಿಯಾಗ ನೀ ಏನ್ ಹೊದಕೊಂತಿ?" ಗಿರಿಯಮ್ಮ ಕೇಳಿದಳು.

"ನಮ್ಮ ಕುರಿ ಅರ್ಧ ಸೇರು ಕೊಡ್ತಾವಂತವ್ವಾ. ನನಗೇನು ಕಡಿಮಿ?" ಎಂದ. ನಗಲು ಹೋಗಿ ಅತ್ತುಬಿಟ್ಟ.

ಆ ಮಳೆಗಾಲವೆಲ್ಲ ಮುದುಕಪ್ಪ ತಲೆಯ ಮೇಲೆ ಗೋಣಿಚೀಲ ಹೊದ್ದು ಕುರಿ ಕಾದ.