ಸದಾನಂದನ ಗಾಡಿಯ ಕರಿ ಎಣ್ಣೆ

ಚೆಂಬೂರು ಸ್ಟೇಷನ್ನಿನ ಹತ್ತಿರ ದೂಜ ಪೂಜಾರಿಯವರ ಹೊಟೇಲಿನಲ್ಲಿ ಒಂದು ಕಾನೂನು ಇತ್ತು. ಬಾಣಲೆಯ ಎಣ್ಣೆ ಕಪ್ಪಾದರೆ ಚೆಲ್ಲಬೇಕು. ಗೋಳಿಬಜೆಗೆ ಹಿಟ್ಟು ಕಲಸಿ ಇಟ್ಟಿರಲಿ, ಗಿರಾಕಿಗಳು ಮೇಜು ಕುಟ್ಟುತ್ತಿರಲಿ, ಪೂಜಾರಿಯವರು ಗಲ್ಲಾ ಬಿಟ್ಟು ಒಳಗೆ ಬಂದು ಬಾಣಲೆಯೊಳಗೆ ಇಣುಕಿ ಹುಬ್ಬು ಗಂಟಿಕ್ಕಿದರೆಂದರೆ ಆ ಎಣ್ಣೆಯ ಆಯುಷ್ಯ ಮುಗಿಯಿತು. ಅವರು ಸ್ವತಃ ಕಪ್‌ಬಸಿ ತೊಳೆಯುವ ಕೆಲಸದಿಂದ ಮೇಲೆ ಬಂದವರು, ಎಷ್ಟೋ ವರ್ಷ ಇನ್ನೊಬ್ಬರ ಬಾಣಲೆಯ ಮುಂದೆ ನಿಂತವರು. ಕರಿ ಎಣ್ಣೆಯಲ್ಲಿ ಕರಿದವನ ಹೊಟೇಲು ಅದೇ ಎಣ್ಣೆಯಲ್ಲಿ ಮುಳುಗುತ್ತದೆ ಎಂಬುದು ಅವರ ವೇದವಾಕ್ಯ.

ಈ ವೇದವನ್ನು ಚಾಚೂ ತಪ್ಪದೆ ಪಾಲಿಸಿದವನೆಂದರೆ ಸದಾನಂದ. ಕಟಪಾಡಿಯಿಂದ ಮೀಸೆ ಮೂಡುವ ಮೊದಲೇ ಬಂದು ಆ ಬಾಣಲೆಯ ಮುಂದೆ ನಿಂತವನು, ಮದುವೆಯಾಗಿ ಮೋಹಿನಿಯನ್ನು ಚಾಳಿನ ಖೋಲಿಗೆ ಕರೆತಂದ ಮೇಲೂ ಅಲ್ಲೇ ನಿಂತಿದ್ದ. ಎಣ್ಣೆಯ ಬಣ್ಣ ಒಂದು ಚೂರು ತಿರುಗಿದರೂ ಅವನಿಗೆ ಗೊತ್ತಾಗುತ್ತಿತ್ತು. ಆದರೆ ಬಾಣಲೆಯ ಹೊಗೆ ಬಿಡುತ್ತದೆಯೇ. ಕೆಮ್ಮು ಹಿಡಿಯಿತು. ಮೊದಲು ಮಳೆಗಾಲದಲ್ಲಿ, ಆಮೇಲೆ ಎಲ್ಲ ಕಾಲದಲ್ಲಿ. ಮಾತನಾಡುತ್ತಾ ನಿಂತವನು ಗೋಡೆ ಹಿಡಿದು ಕೂರುವಷ್ಟು. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಇನ್ನೊಂದು ವರ್ಷ ಒಲೆಯ ಮುಂದೆ ನಿಂತರೆ ಆಮೇಲೆ ತಮ್ಮ ಹತ್ತಿರ ಬರುವುದೇ ಬೇಡ ಎಂದುಬಿಟ್ಟರು. ಮೋಹಿನಿ ಅಂದು ಊಟ ಮಾಡಲಿಲ್ಲ.

ಪೂಜಾರಿಯವರು ಬಾಯಿ ಜೋರಿನ ಮನುಷ್ಯ, ಮನಸ್ಸು ಮೆತ್ತಗೆ. ತಮ್ಮ ಹಳೆಯ ಪೆಟ್ರೋಲ್ ಗಾಡಿಯಲ್ಲಿ ಅವನಿಗೆ ಡ್ರೈವಿಂಗ್ ಕಲಿಸಿದರು, ಲೈಸೆನ್ಸ್ ಮಾಡಿಸಿದರು. ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ, ಪೆಟ್ರೋಲಿನ ಬೆಲೆಗೆ ಬೈದು ಬೈದು ಸಾಕಾಗಿ, ಒಂದು ಹೊಸ ಡೀಸೆಲ್ ಕಾರನ್ನೇ ತೆಗೆದುಕೊಂಡರು. ಲಾರಿಗೆ ಡೀಸೆಲ್, ಬಸ್ಸಿಗೆ ಡೀಸೆಲ್; ಕಾರಿಗೂ ಡೀಸೆಲ್ ಎಂದರೆ ಆಗ ಜನ ನಿಂತು ನೋಡುತ್ತಿದ್ದರು. ಅದರ ಚಾವಿಯನ್ನು ಸದಾನಂದನ ಕೈಗೆ ಕೊಡುವಾಗ ಪೂಜಾರಿಯವರು ಎರಡೇ ಮಾತು ಹೇಳಿದರು. ಮೊದಲ ಸರ್ವಿಸು ಬಾಂದ್ರಾದಲ್ಲಿ, ಕಂಪನಿಯವರ ವರ್ಕ್‌ಶಾಪಿನಲ್ಲೇ. ಅಲ್ಲಿಯವರೆಗೆ ಬೇರೆ ಯಾರೂ ಇಂಜಿನ್ ಮುಟ್ಟಬಾರದು. ಗಾಡಿ ಹಾಳಾದರೆ ಡ್ರೈವರಿಗೆ ಇಲ್ಲಿ ಬೇರೆ ಕೆಲಸವಿಲ್ಲ, ಇರುವುದು ಬಾಣಲೆ ಮಾತ್ರ ಎಂದು ನಕ್ಕರು. ನಗು ಅವರದು. ಸದಾನಂದನಿಗೆ ಆ ಮಾತು ಎದೆಗೆ ಹೋಗಿ ಕೂತಿತು.

ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ಸದಾನಂದ ಗಾಡಿಯನ್ನು ಒರೆಸುವುದೇನು, ಟಯರಿನ ಸಂದಿನ ಕಲ್ಲು ಹೆಕ್ಕುವುದೇನು, ಸೀಟಿನ ಪ್ಲಾಸ್ಟಿಕ್ ಕವರಿನ ಮೇಲೂ ಇನ್ನೊಂದು ಬಟ್ಟೆ ಹಾಸುವುದೇನು. ಬೆಳಿಗ್ಗೆ ಎದ್ದ ಕೂಡಲೇ ಬಾನೆಟ್ ಎತ್ತಿ ಎಣ್ಣೆ ನೋಡುವ ಕಡ್ಡಿಯನ್ನು ಎಳೆದು, ಮೋಹಿನಿಯ ಹಳೇ ಸೀರೆಯ ತುಂಡಿನಲ್ಲಿ ಒರೆಸಿ, ಮತ್ತೆ ಅದ್ದಿ ನೋಡುತ್ತಿದ್ದ. ಹಳೆಯ ಪೆಟ್ರೋಲ್ ಗಾಡಿಯಲ್ಲಿ ಹೊಸ ಎಣ್ಣೆ ಬಹಳ ದಿನ ಜೇನಿನ ಬಣ್ಣದಲ್ಲೇ ಇರುತ್ತಿತ್ತು. ಇಲ್ಲಿ, ವಾರ ಕಳೆಯುವುದರೊಳಗೆ, ಕಡ್ಡಿಯ ತುದಿಯಲ್ಲಿ ಇಳಿದದ್ದು ಇದ್ದಿಲು ಕರಗಿಸಿದಂಥ ಕಪ್ಪು.

ಸದಾನಂದ ಕಡ್ಡಿಯನ್ನು ಬೆಳಕಿಗೆ ಹಿಡಿದ. ಬೆರಳಿಗೆ ಹಚ್ಚಿಕೊಂಡು ಉಜ್ಜಿ ನೋಡಿದ, ಮೂಸಿ ನೋಡಿದ. ಒಳಗೆ ಏನೋ ಸುಟ್ಟುಹೋಗುತ್ತಿದೆ. ಅವನ ಇಡೀ ಜೀವಮಾನ ಕಲಿಸಿದ್ದು ಒಂದೇ, ಕಪ್ಪಾದ ಎಣ್ಣೆ ಸತ್ತ ಎಣ್ಣೆ. ಹೊಸ ಬಾಣಲೆ ತಂದರೂ ಮೊದಲ ಎಣ್ಣೆ ಕಾಯಿಸಿ ಚೆಲ್ಲಿ ಆಮೇಲಲ್ಲವೇ ಅಡುಗೆಗೆ ಹಿಡಿಯುವುದು. ಹೊಸ ಇಂಜಿನ್ನಿಗೂ ಹಾಗೆಯೇ ಇರಬೇಕು, ಕಂಪನಿಯವರು ಹೇಳಲು ಮರೆತಿರಬೇಕು ಎಂದು ಅವನು ತನಗೆ ತಾನೇ ತೀರ್ಪು ಕೊಟ್ಟುಕೊಂಡ. ಯಾರೂ ಮುಟ್ಟಬಾರದು ಎಂದಿದ್ದರು ನಿಜ. ಆದರೆ ಎಣ್ಣೆ ಬದಲಿಸುವುದು ಮುಟ್ಟಿದ ಹಾಗೆ ಹೇಗಾಗುತ್ತದೆ? ಬಾಣಲೆಯ ಎಣ್ಣೆ ಚೆಲ್ಲಿದರೆ ಒಲೆ ಮುಟ್ಟಿದ ಹಾಗಾಯಿತೇ? ಧಣಿಗಳನ್ನು ಕೇಳಿದರೆ, ಗಾಡಿ ಬಂದ ವಾರಕ್ಕೇ ಎಣ್ಣೆ ಸುಟ್ಟೆಯಾ ಎಂದು ಬೈಯುತ್ತಾರೆ. ಕೇಳದೆ ಮಾಡಿಬಿಡುವುದೇ ಒಳ್ಳೆಯದು. ಇಂಥ ಬುದ್ಧಿ ನಮಗೆಲ್ಲ ಬರುವುದು ಹೆದರಿದಾಗಲೇ.

ಧಾರಾವಿಯ ರಸ್ತೆ ಬದಿಯಲ್ಲಿ ಗದಿಗೆಪ್ಪ ಎಂಬ ಮಿಸ್ತ್ರಿ ಇದ್ದ. ವಿಜಾಪುರದ ಕಡೆಯವನು, ಲಾರಿ ರಿಪೇರಿ ಅವನ ಕಸುಬು, ಒಂದು ಬೇವಿನ ಮರವೇ ಅವನ ಗ್ಯಾರೇಜು. ಸದಾನಂದ ಅಂಗಡಿಯಿಂದ ಒಳ್ಳೆಯ ಎಣ್ಣೆಯ ಡಬ್ಬ ತೆಗೆದುಕೊಂಡು ಅವನಲ್ಲಿಗೆ ಹೋದ. ಗದಿಗೆಪ್ಪ ಕಡ್ಡಿ ನೋಡಿ ನಕ್ಕುಬಿಟ್ಟ.

“ಡೀಸೆಲ್ ಗಾಡಿ ಎಣ್ಣಿ ಕರ್ರಗ ಆಗೂದ ಐತ್ರಿ ಅಣ್ಣಾರ. ನಮ್ಮ ಲಾರಿಗೋಳು ಎಲ್ಲಾ ಹಂಗ. ಇರ್ಲಿ ಬಿಡ್ರಿ.”

ಲಾರಿ ಲಾರಿಯೇ, ಇದು ಹೊಸ ಕಾರು ಎಂದು ಸದಾನಂದ ಹಟ ಹಿಡಿದ. ಗಿರಾಕಿ ಕೇಳಿದ ಮೇಲೆ ಗದಿಗೆಪ್ಪನಿಗೇನು, ಗೋಣಿ ಹಾಸಿಕೊಂಡು ಗಾಡಿಯ ಕೆಳಗೆ ನುಸುಳಿದ. ಎಣ್ಣೆ ಇಳಿಸುವ ನಟ್ಟಿಗೆ ಒಂದು ಸಣ್ಣ ತಂತಿ ಸುತ್ತಿ, ತುದಿಗೆ ಸೀಸದ ಮುದ್ರೆ ಒತ್ತಿದ್ದರು. ಅದು ನಟ್ಟು ತಿರುಗಿಸುವ ಪಾನಾಕ್ಕೆ ಅಡ್ಡ ಬಂದಿತು. ಗದಿಗೆಪ್ಪ ಕಟಕ್ಕನೆ ಕತ್ತರಿಸಿ ಬಿಸಾಕಿದ. ಕರಿ ಎಣ್ಣೆ ಇಳಿಯಿತು, ಜೇನಿನ ಬಣ್ಣದ ಹೊಸ ಎಣ್ಣೆ ಒಳಗೆ ಹೋಯಿತು. ಸದಾನಂದ ಹಗುರಾಗಿ ಮನೆಗೆ ಬಂದ. ಅಂದು ಕೆಮ್ಮು ಕೂಡ ಬರಲಿಲ್ಲ ಎಂದು ಮೋಹಿನಿಗೆ ಹೇಳಿಕೊಂಡ.

ಆ ಹಗುರ ಹೆಚ್ಚು ದಿನ ಉಳಿಯಲಿಲ್ಲ. ಎಣ್ಣೆ ಮತ್ತೆ ಕಪ್ಪಾಯಿತು, ಅದೂ ಮೊದಲಿಗಿಂತ ಬೇಗ. ಸದಾನಂದನಿಗೆ ದಿಕ್ಕು ತೋಚಲಿಲ್ಲ. ಸಿಗ್ನಲಿನಲ್ಲಿ ನಿಂತಾಗ ಇಂಜಿನ್ನಿನ ಕಟಕಟ ಸದ್ದು ಅವನಿಗೆ ದಿನಕ್ಕೊಂದು ಥರ ಕೇಳತೊಡಗಿತು. ಹಿಂದಿನ ಸೀಟಿನಲ್ಲಿ ಪೂಜಾರಿಯವರು ಪೇಪರಿನ ಪುಟ ಮಗುಚಿದರೂ ಬೆಚ್ಚಿಬೀಳುತ್ತಿದ್ದ.

ಹೀಗಿರುವಾಗ ಚೆನ್ನಯ ಸಿಕ್ಕಿದ. ಬಾಂದ್ರಾದ ಒಬ್ಬ ಹೊಟೇಲು ಧಣಿಯ ಡ್ರೈವರ್, ಊರಿನ ಕಡೆಯಿಂದ ಸದಾನಂದನಿಗೆ ದೂರದ ನೆಂಟ. ತನ್ನ ಧಣಿಯೂ ಅದೇ ಗಾಡಿ ತೆಗೆದುಕೊಂಡಿದ್ದಾರೆಂದು ಹೇಳಿ, ಎದೆಯುಬ್ಬಿಸಿ ಗಾಡಿಯ ಹೊಟ್ಟೆಯ ಕೆಳಗೆ ಬಗ್ಗಿ ತೋರಿಸಿದ.

“ಇಲ್ಲಿ ಸೀಸದ ಸೀಲು ಕಂಡಿತಾ? ಮೊದಲ ಸರ್ವಿಸಿನವರೆಗೆ ಇದು ಹೀಗೇ ಇರಬೇಕು ಮಾರಾಯ. ಸೀಲು ಹೋಯಿತಾ, ಗ್ಯಾರಂಟಿ ಹೋಯಿತು. ಇಂಜಿನ್ ಎರಡು ತುಂಡಾದರೂ ಕಂಪನಿಯವರು ತಿರುಗಿ ನೋಡುವುದಿಲ್ಲ.”

ನಿನ್ನ ಗಾಡಿಯದ್ದು ಸರಿ ಉಂಟಲ್ಲ ಎಂದು ಅವನು ಕೇಳಿದ್ದು ಸುಮ್ಮನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಸದಾನಂದ ಉಂಟು ಉಂಟು ಎನ್ನುತ್ತಲೇ ಗಾಡಿ ಹತ್ತಿ ಹೊರಟುಬಿಟ್ಟ. ಅವನು ನೆಟ್ಟಗೆ ಹೋದದ್ದು ಧಾರಾವಿಗೆ. ಕತ್ತರಿಸಿ ಬಿಸಾಕಿದ ಸೀಲು ಎಲ್ಲಿ ಎಂದು ಗದಿಗೆಪ್ಪನ ಬೇವಿನ ಮರದ ಬುಡವನ್ನೆಲ್ಲ ಕೆದಕಿದ. ನಟ್ಟು ಬೋಲ್ಟು ಎಷ್ಟು ಬೇಕಾದರೂ ಸಿಕ್ಕಿತು, ಸೀಲು ಸಿಗಲಿಲ್ಲ.

ಗದಿಗೆಪ್ಪನಿಗೆ ಪಾಪ ಎನಿಸಿತು. ಲಾರಿಯಲ್ಲಿ ಬರುವ ಸರಕಿನ ಮೂಟೆಗಳಿಗೂ ಇಂಥದ್ದೇ ತಂತಿ ಮುದ್ರೆ ಇರುತ್ತದೆ. ಅಂಥದ್ದೊಂದನ್ನು ಹುಡುಕಿ, ಅಕ್ಷರ ಕಾಣದಂತೆ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ನಟ್ಟಿಗೆ ಸುತ್ತಿ ಬಿಗಿದು, ಮೇಲೆ ಒಂದಿಷ್ಟು ಕೆಸರು ಮೆತ್ತಿದ. ಯಾವ ಅಪ್ಪನಿಗೂ ಗೊತ್ತಾಗೂದಿಲ್ಲ ಎಂದು ಧೈರ್ಯ ಹೇಳಿದ.

ಸದಾನಂದನಿಗೆ ಧೈರ್ಯ ಬರಲಿಲ್ಲ, ಇದ್ದದ್ದೂ ಹೋಯಿತು. ಮೊದಲು ಅವನು ಮಾಡಿದ್ದು ತಿಳಿಯದ ತಪ್ಪು, ಈಗ ಮಾಡಿದ್ದು ತಿಳಿದು ಮಾಡಿದ ಮೋಸ. ಅನ್ನ ಹಾಕಿದ ಮನೆಗೆ ಮೋಸ. ಮಳೆ ಬಂದರೆ ಕೆಸರು ತೊಳೆದುಹೋಗುತ್ತದೆ ಎಂದು ಮಳೆಗೆ ಹೆದರಿದ, ಬರದಿದ್ದರೆ ಕೆಸರು ಒಣಗಿ ಉದುರುತ್ತದೆ ಎಂದು ಬಿಸಿಲಿಗೆ ಹೆದರಿದ. ಮೋಹಿನಿ ಒಂದು ದಿನ ಚಾ ಲೋಟ ಮುಂದಿಟ್ಟು, ಏನು ನಡೆದಿದೆ ಹೇಳಿ ಎಂದು ಕೂತೇಬಿಟ್ಟಳು. ಎಲ್ಲ ಕೇಳಿದ ಮೇಲೆ ಅವಳು ಬೈಯಲಿಲ್ಲ. ಅವನು ಮತ್ತೆ ಬಾಣಲೆಯ ಮುಂದೆ ನಿಲ್ಲುವುದನ್ನು ತಾನು ನೋಡುವುದಿಲ್ಲ, ಹಾಗಾದರೆ ಊರಿಗೆ ಹೋಗಿ ಬೀಡಿ ಕಟ್ಟಿ ಸಾಕುತ್ತೇನೆ ಎಂದಳು. ಆ ಮಾತು ಬೈಗುಳಕ್ಕಿಂತ ಹೆಚ್ಚು ನಾಟಿತು.

ಸರ್ವಿಸಿನ ದಿನ ಬಂದೇ ಬಂತು. ಪೂಜಾರಿಯವರು ನಾನೂ ಬರುತ್ತೇನೆ, ಹೊಸ ಗಾಡಿಯ ಹೊಟ್ಟೆ ಹೇಗಿದೆ ನೋಡಬೇಕು ಎಂದು ಹಣೆಗೆ ಗಂಧ ಹಚ್ಚಿಕೊಂಡು ಹೊರಟರು. ಬಾಂದ್ರಾದ ವರ್ಕ್‌ಶಾಪಿನಲ್ಲಿ ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿದರು. ಫೋರ್‌ಮನ್ ಒಬ್ಬ ಮರಾಠಿಯವನು, ದೀಪ ಹಿಡಿದು ಕೆಳಗೆ ಇಳಿಯತೊಡಗಿದ. ಒಂದು ಮೆಟ್ಟಿಲು ಇಳಿದ, ಇನ್ನೊಂದು ಇಳಿದ. ಸದಾನಂದನಿಗೆ ಕೆಮ್ಮು ಒತ್ತಿಕೊಂಡು ಬಂತು. ಕೆಮ್ಮಿನ ನಡುವೆಯೇ ಅವನು ಪೂಜಾರಿಯವರ ಮುಂದೆ ಹೋಗಿ ನಿಂತ.

“ಧಣಿಗಳೇ, ಆ ಸೀಲು ಕಂಪನಿಯದ್ದಲ್ಲ. ನಾನು ಹಾಕಿಸಿದ್ದು. ಎಣ್ಣೆ ಕಪ್ಪಾಗಿತ್ತು, ಚೆಲ್ಲಿದೆ.”

ಪೂಜಾರಿಯವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವರು ಅದನ್ನೇ ಫೋರ್‌ಮನ್‌ಗೆ ಹಿಂದಿಯಲ್ಲಿ ಹೇಳಿದರು. ಫೋರ್‌ಮನ್ ಕೆಳಗಿನಿಂದ ಸೀಲನ್ನು ಕಿತ್ತು ತಂದು ಅಂಗೈಯಲ್ಲಿಟ್ಟು ತೋರಿಸಿ ತಲೆಯಾಡಿಸಿದ. ಇಂಜಿನ್ನಿಗೆ ಏನೂ ಆಗಿಲ್ಲ, ಡೀಸೆಲಿನ ಮಸಿಯನ್ನು ಎಣ್ಣೆ ತನ್ನ ಮೈಗೆ ಎಳೆದುಕೊಳ್ಳುತ್ತದೆ, ಕಪ್ಪಾದರೆ ಅದು ಕೆಲಸ ಮಾಡುತ್ತಿದೆ ಎಂದೇ ಲೆಕ್ಕ ಎಂದು ಹಿಂದಿಯಲ್ಲಿ ವಿವರಿಸಿದ. ಬೇಗ ಬದಲಿಸಿದ್ದರಿಂದ ಕೆಡುಕಿಲ್ಲ, ಆದರೆ ನಿಯಮ ನಿಯಮವೇ, ಇನ್ನು ಈ ಗಾಡಿಗೆ ಕಂಪನಿಯ ಗ್ಯಾರಂಟಿ ಇಲ್ಲ. ಪೂಜಾರಿಯವರು ಸರ್ವಿಸು ಮುಗಿಸಿ ಕೊಡಿ ಎಂದಷ್ಟೇ ಹೇಳಿ ಹೊರಗಿನ ಬೆಂಚಿನ ಮೇಲೆ ಕೂತರು.

ವಾಪಸು ಬರುವಾಗ ಅವರು ಹಿಂದಿನ ಸೀಟಿನಲ್ಲಿ ಪೇಪರು ಬಿಚ್ಚಲೇ ಇಲ್ಲ. ಮಾಹಿಮ್ ಹೋಯಿತು, ಧಾರಾವಿ ಹೋಯಿತು, ಬೇವಿನ ಮರದ ಕೆಳಗೆ ಗದಿಗೆಪ್ಪ ಕೈಯೆತ್ತಿ ನಮಸ್ಕಾರ ಮಾಡಿದ. ಸದಾನಂದ ಅತ್ತ ನೋಡಲಿಲ್ಲ. ಸಯನ್ ದಾಟುವಾಗ ಬಾಣಲೆಯ ಹೊಗೆ ಅವನ ಮೂಗಿಗೆ ಆಗಲೇ ಬಂದ ಹಾಗಿತ್ತು. ಹೊಟೇಲಿನ ಮುಂದೆ ಗಾಡಿ ನಿಲ್ಲಿಸಿ, ಚಾವಿ ತೆಗೆದು, ಎರಡೂ ಕೈಯಲ್ಲಿ ಹಿಡಿದು ಧಣಿಗಳ ಮುಂದೆ ಚಾಚಿದ.

ಪೂಜಾರಿಯವರು ಚಾವಿ ಮುಟ್ಟಲಿಲ್ಲ. ಬಾನೆಟ್ ಎತ್ತು ಎಂದರು. ಕಡ್ಡಿಯನ್ನು ತಾವೇ ಎಳೆದು, ಬಾಣಲೆಗೆ ಇಣುಕುವಾಗಿನ ಅದೇ ಹುಬ್ಬಿನಲ್ಲಿ ಬಹಳ ಹೊತ್ತು ನೋಡಿದರು. ಬಾಂದ್ರಾದಿಂದ ಚೆಂಬೂರಿಗೆ ಬರುವಷ್ಟರಲ್ಲೇ ಹೊಸ ಎಣ್ಣೆ ಮಬ್ಬಾಗಲು ಶುರುವಾಗಿತ್ತು.

“ಸುಳ್ಳು ಸೀಲು ಕಟ್ಟಿದ್ದಕ್ಕೆ ನಿನ್ನನ್ನು ಇವತ್ತೇ ಒಳಗೆ ಬಾಣಲೆಯ ಮುಂದೆ ಕಳಿಸಬೇಕಿತ್ತು. ಆದರೆ ಕರಿ ಎಣ್ಣೆ ಕಂಡರೆ ಚೆಲ್ಲು ಅಂತ ನಿನಗೆ ಕಲಿಸಿದ್ದು ಯಾರು? ನಾನೇ. ನಿನ್ನ ಜಾಗದಲ್ಲಿ ನಾನಿದ್ದರೂ ಚೆಲ್ಲುತ್ತಿದ್ದೆ.” ಅವರು ಕಡ್ಡಿ ಒರೆಸಿ ವಾಪಸು ಇಟ್ಟರು. “ಕಂಪನಿಯ ಗ್ಯಾರಂಟಿ ಹೋಯಿತು. ಇನ್ನು ಈ ಗಾಡಿಗೆ ಗ್ಯಾರಂಟಿ ನೀನೇ. ನನಗೆ ಬೇರೆ ಯಾರಿದ್ದಾರೆ?”

ಸದಾನಂದ ಅಲ್ಲೇ, ರಸ್ತೆ ಬದಿಯಲ್ಲೇ, ಅತ್ತುಬಿಟ್ಟ. ಪೂಜಾರಿಯವರಿಗೆ ಮುಜುಗರವಾಯಿತು, ಗಿರಾಕಿಗಳು ನೋಡುತ್ತಿದ್ದಾರೆ, ಹೋಗಿ ಮುಖ ತೊಳೆದುಕೊ ಎಂದು ಗದರಿಸಿ ಗಲ್ಲಾಕ್ಕೆ ಹೋದರು.

ಭಯ ಅಲ್ಲಿಗೆ ಮುಗಿಯಿತು ಎಂದುಕೊಂಡರೆ ತಪ್ಪು. ಕಂಪನಿಯ ಗ್ಯಾರಂಟಿಗಾದರೂ ಒಂದು ಅವಧಿ ಇರುತ್ತದೆ, ಸದಾನಂದನ ಗ್ಯಾರಂಟಿಗೆ ಅದೂ ಇರಲಿಲ್ಲ. ಮರುದಿನ ಬೆಳಿಗ್ಗೆ ಅವನು ಸೀರೆಯ ತುಂಡು ಹಿಡಿದು ಬಾನೆಟ್ ಎತ್ತಿದ. ಮೋಹಿನಿ ಚಾಳಿನ ಮೆಟ್ಟಿಲಲ್ಲಿ ನಿಂತು ನೋಡುತ್ತಿದ್ದಳು. ಕಡ್ಡಿಯ ತುದಿಯಲ್ಲಿ ಎಣ್ಣೆ ಕಪ್ಪಾಗಿತ್ತು. ಅವನು ಅದನ್ನು ನೋಡುತ್ತಾ ನಿಂತ. ಆಮೇಲೆ ಕಡ್ಡಿಯನ್ನು ಒರೆಸಿ ಒಳಗಿಟ್ಟು, ಬಾನೆಟ್ ಮುಚ್ಚಿ, ಕರಿ ಎಣ್ಣೆಯಲ್ಲೇ ಗಾಡಿ ಹೊರಡಿಸಿಕೊಂಡು ಧಣಿಗಳ ಮನೆಗೆ ಹೋದ.