ಬಿಟ್ಟುಹೋದ ಮೂರನೆಯ ಹೆಸರು

ಇಸ್ತ್ರಿಪೆಟ್ಟಿಗೆಯ ಇದ್ದಿಲ ವಾಸನೆ ಮೂಗಿಗೆ ಬಡಿದರೆ ನನಗೆ ಸಿಟ್ಟು ಬರುತ್ತದೆ. ಇಸ್ತ್ರಿಯವರ ಮೇಲಲ್ಲ, ನೋಡಿ, ನನ್ನ ಮೇಲೆ. ಇವತ್ತು ಬೆಳಿಗ್ಗೆ ಅಂಗಿ ಕೊಡಲು ಇಳಿದಾಗಲೂ ಬಂತು.

ದೆಹಲಿಯ ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸಿನ ಬೇವಿನ ಮರದಡಿ ಇಸ್ತ್ರಿ ಮಾಡುವವಳು ಕಮಲಾ. ಆರು ವರ್ಷದ ಹಿಂದೆ ಅವಳ ಗಂಡ ತೀರಿಕೊಂಡ. ಆಗ ಮಕ್ಕಳು ಮೂವರು: ಹದಿನಾಲ್ಕರ ಪೂಜಾ, ಅವಳ ಕೆಳಗೆ ಇಬ್ಬರು ಹುಡುಗರು. ಅಪ್ಪನಿಲ್ಲದ ಮಕ್ಕಳಿಗೆ ಸರ್ಕಾರದಿಂದ ತಿಂಗಳು ತಿಂಗಳು ಸಿಗುವ ನೆರವಿನ ಫಾರ್ಮು ಹಿಡಿದು ನನ್ನ ಬಳಿ ಬಂದಳು.

ನಾನು ಕಾಗದ ಪತ್ರದಲ್ಲಿ ಪಳಗಿದವನೆಂದು ಬೀಗುತ್ತಿದ್ದ ಸರ್ಕಾರಿ ಗುಮಾಸ್ತ. "ದಿನಸಿ ಚೀಟಿಗೂ ವಿಷಯ, ಉಲ್ಲೇಖ ಅಂತ ಬರೀತೀರಲ್ರೀ!" ಎಂದು ಹೆಂಡತಿ ನಗುತ್ತಿದ್ದಳು. ಫಾರ್ಮಿನಲ್ಲಿ ಎರಡೇ ಗೆರೆ, ಕುಟುಂಬಕ್ಕೆ ಇಬ್ಬರೇ ಮಕ್ಕಳು.

"ಸಾಬ್, ಯಾರನ್ನ ಬಿಡ್ಲಿ?" ಎಂದು ಕಮಲಾ ಹಿಂದಿಯಲ್ಲಿ ಕೇಳಿದಳು.

ನೆರವು ಹದಿನೆಂಟರವರೆಗೆ ಮಾತ್ರ. ಹಾಗಾಗಿ ನಾನು ತಲೆ ಓಡಿಸಿದೆ. "ದೊಡ್ಡವಳನ್ನ ಬಿಡು. ಚಿಕ್ಕವರಿಗಾದ್ರೆ ಜಾಸ್ತಿ ವರ್ಷ ಬರುತ್ತೆ." ಪೂಜಾ ಅಲ್ಲೇ ನಿಂತು ನನ್ನ ಮಗನ ಯೂನಿಫಾರ್ಮ್ ಮಡಿಸುತ್ತಿದ್ದಳು.

ಒಂದು ಶರತ್ತಿತ್ತು: ಹೆಸರಿದ್ದ ಮಗು ಶಾಲೆ ಬಿಡುವಂತಿಲ್ಲ. ಹುಡುಗರು ಬಿಡಲಿಲ್ಲ. ಬಂದದ್ದು ಇಬ್ಬರಿಗೂ ಸಾಲದು, ಉಣ್ಣುವವರು ನಾಲ್ವರು. ಹೆಸರಿಲ್ಲದವಳು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಇಸ್ತ್ರಿ ಹಿಡಿದಳು. ಆಗ ನನ್ನ ಒಬ್ಬ ಮಗನ ಓದಿಗೆ ಸಂಬಳದ ಜೊತೆ ಸಿಗುತ್ತಿದ್ದ ಭತ್ಯೆ, ಅಪ್ಪನಿಲ್ಲದ ಆ ಹುಡುಗರಲ್ಲಿ ಒಬ್ಬನಿಗೆ ಸಿಗುತ್ತಿದ್ದುದಕ್ಕಿಂತ ಹೆಚ್ಚು. ಸಂಬಳವಿರುವ ಮನೆಯ ಮಗುವಿಗೆ ಹಸಿವು ಹೆಚ್ಚೇ? ಈ ದರ ನಿಗದಿ ಮಾಡಿದವರು ಎಂದಾದರೂ ಮಕ್ಕಳಿಗೆ ಊಟ ಬಡಿಸಿದ್ದಾರೆಯೇ? ಇಷ್ಟು ಕೂಗಾಡುವ ನಾನು ಆ ಭತ್ಯೆಯನ್ನು ಒಂದು ವರ್ಷವೂ ಬಿಟ್ಟವನಲ್ಲ.

ಇವತ್ತು ಅಂಗಿ ತೆಗೆದುಕೊಂಡ ಪೂಜಾ ಒಂದು ಫಾರ್ಮು ಚಾಚಿದಳು. "ಅಂಕಲ್, ನಮ್ಮ ಗಲ್ಲಿ ದೀದೀದು. ಗಂಡ ತೀರ್ಕೊಂಡ. ಮೂರು ಮಕ್ಕಳು." ಇಸ್ತ್ರಿಯಿಂದ ಕಣ್ಣೆತ್ತದೆ ಕೇಳಿದಳು: "ಈ ಸಲ ಯಾರನ್ನ ಬಿಡ್ತೀರಿ?"

ಮನೆಗೆ ಬಂದು ದೊಡ್ಡವರಿಬ್ಬರ ಹೆಸರು ಫಾರ್ಮಿಗೆ ತುಂಬಿದೆ. ಕೊನೆಯವಳಿಗೆಂದು ಬೇರೆ ಹಾಳೆಯಲ್ಲಿ ಅರ್ಜಿ ಬರೆದೆ. ತಿರಸ್ಕರಿಸುತ್ತಾರೆ, ಗೊತ್ತು. ತಿರಸ್ಕರಿಸುವವನು ಆ ಮಗುವಿನ ಹೆಸರು ಬರೆದೇ ತಿರಸ್ಕರಿಸಲಿ. ವಿಷಯ ಎಂಬಲ್ಲಿ 'ಮೂರನೆಯ ಮಗು' ಎಂದು ಬರೆದೆ. ಉಲ್ಲೇಖ ಎಂಬಲ್ಲಿ 'ಪೂಜಾ' ಎಂದು ಬರೆದೆ.